ಬಲಗಂಕುಳಿನ ಹೊಲಿಗೆ

ಆ ಮನೆಯಲ್ಲಿ ಶರ್ಟುಗಳು ಕಾಲರಿನಲ್ಲಿ ಸವೆಯುತ್ತಿರಲಿಲ್ಲ, ಜೇಬಿನಲ್ಲಿ ಹರಿಯುತ್ತಿರಲಿಲ್ಲ. ಬಲಗಂಕುಳಿನಲ್ಲಿ ಬಾಯಿ ಬಿಡುತ್ತಿದ್ದವು. ಬಿಳಿಯದಾಗಲಿ ನೀಲಿಯದಾಗಲಿ, ಅಂಗಡಿಯಲ್ಲಿ ಕೊಂಡದ್ದಾಗಲಿ ಮನೆಯಲ್ಲೇ ಹೊಲಿದದ್ದಾಗಲಿ, ಮೂರು ತಿಂಗಳು ತುಂಬುವಷ್ಟರಲ್ಲಿ ಬಲಗಂಕುಳಿನ ಹೊಲಿಗೆ ಕಿತ್ತು ಬಂದಿರುತ್ತಿತ್ತು. ಎಡಗಂಕುಳು ಮಾತ್ರ ಮಾವನ ಮನೆಯಲ್ಲಿ ಕೂತ ಅಳಿಯನ ಹಾಗೆ ಒಂದು ಸುಕ್ಕೂ ಇಲ್ಲದೆ ಇರುತ್ತಿತ್ತು.

ಶರ್ಟಿನ ಯಜಮಾನ ಊರಂಚಿನ ಗಾಲ್ಫ್ ಅಭ್ಯಾಸದ ಮೈದಾನದಲ್ಲಿ ಚೆಂಡು ಆಯುವವನು. ಗಿರಾಕಿಗಳು ಸಾಲಾಗಿ ನಿಂತು ಬಕೆಟ್ಟುಗಟ್ಟಲೆ ಚೆಂಡುಗಳನ್ನು ಹುಲ್ಲಿನ ಮೇಲೆಲ್ಲ ಹೊಡೆದು ಹೋಗುತ್ತಾರೆ. ಅವನು ಸುತ್ತ ಬಲೆ ಕಟ್ಟಿದ ಪುಟ್ಟ ಗಾಡಿ ಓಡಿಸುತ್ತ ಅವನ್ನೆಲ್ಲ ಆಯ್ದು, ತೊಳೆದು, ಮತ್ತೆ ಬಕೆಟ್ಟಿಗೆ ತುಂಬುತ್ತಾನೆ. ಹದಿನೈದು ವರ್ಷದಿಂದ ಇದೇ ಕೆಲಸ. ಗಿರಾಕಿಗಳು ಅವನನ್ನು ಕರೆಯುವುದೂ 'ಬಕೆಟ್' ಅಂತಲೇ. "ಬಕೆಟ್, ಇನ್ನೊಂದು ತುಂಬ್ಸಪ್ಪ" ಅಂದರೆ ತುಂಬಿಸುತ್ತಾನೆ. ಎಲ್ಲರೂ ಹೋದ ಮೇಲೆ, ದೀಪ ಆರಿಸುವ ಮುಂಚೆ, ಉಳಿದ ಚೆಂಡುಗಳನ್ನು ತಾನೇ ಹೊಡೆಯುತ್ತಾನೆ. ಹಾಗೆ ಹೊಡೆದು ಹೊಡೆದೇ ಆಟ ಕಲಿತವನು. ಹಾಗೆ ಹೊಡೆದು ಹೊಡೆದೇ ಶರ್ಟು ಹರಿದುಕೊಂಡವನು ಕೂಡ.

ಹೊಲಿಯುವವಳು ಹೆಂಡತಿ. ಮುಂದಿನ ಕೋಣೆಯ ಕಿಟಕಿಯ ಪಕ್ಕ ಅವಳ ಮಿಷನ್ನು. ಪ್ಯಾಂಟು ಗಿಡ್ಡ ಮಾಡುವುದು, ಸೊಂಟ ಬಿಡಿಸುವುದು, ಜಿಪ್ಪು ಬದಲಿಸುವುದು, ಹೀಗೆ ಬೇರೆಯವರು ಹೊಲಿದದ್ದನ್ನು ಸರಿಪಡಿಸುವ ಕೆಲಸ. ಕೆಲಸ ಮಾಡುವಾಗ ಐದು ಗುಂಡುಪಿನ್ನುಗಳನ್ನು ತುಟಿಗಳ ನಡುವೆ ಕಚ್ಚಿಕೊಳ್ಳುವುದು ಅವಳ ಅಭ್ಯಾಸ. ಬೀದಿಯವರೆಲ್ಲ ಅವಳನ್ನು ಮಿತಭಾಷಿ ಅಂದುಕೊಂಡಿದ್ದರು. ಬಾಯಲ್ಲಿ ಐದು ಪಿನ್ನು ಇಟ್ಟುಕೊಂಡು ಯಾರು ತಾನೆ ಮಾತಾಡಿಯಾರು? ಗಂಡನೂ ಅದೇ ಭ್ರಮೆಯಲ್ಲಿದ್ದ. ಏನು ಕೇಳಿದರೂ "ಹೂಂ" ಅನ್ನುವವಳು ಎಂದು ನೆಮ್ಮದಿಯಾಗಿದ್ದ.

ನಾಲ್ಕು ವರ್ಷದ ಹಿಂದೆ ಅವಳು ಹರಿಯುವ ಕಂಕುಳಿಗೆ ಒಂದು ಉಪಾಯ ಕಂಡುಹಿಡಿದಿದ್ದಳು. ಹರಿದ ಜಾಗವನ್ನು ಪೂರ್ತಿ ಬಿಚ್ಚಿ, ಅಂಗೈಯಗಲದ ಒಂದು ಚೌಕದ ತುಂಡನ್ನು ಓರೆಯಾಗಿ ಕೂಡಿಸಿ ಹೊಲಿದುಬಿಟ್ಟಳು. ತೋಳಿಗೆ ಆಡಲು ಜಾಗ ಸಿಕ್ಕಿತು, ಹರಿಯುವುದು ನಿಂತಿತು. "ಈಗ ಕೈ ಎಲ್ಲಿಗೆ ಬೇಕಾದ್ರೂ ಹೋಗತ್ತೆ ಕಣೇ!" ಎಂದು ಅವನು ಕೋಣೆಯ ನಡುವೆ ನಿಂತು ತೋಳು ಬೀಸಿ ತೋರಿಸಿದ್ದ. ಅವಳಿಗೆ ಆವತ್ತು ಹೆಮ್ಮೆಯಾಗಿತ್ತು. ಮನೆಯ ಏಳೂ ಶರ್ಟಿಗೆ ಅದೇ ತುಂಡು ಬಿತ್ತು.

ಅದಾಗಿ ನಾಲ್ಕು ವರ್ಷಕ್ಕೆ ಅಭ್ಯಾಸದ ಮೈದಾನದ ಮಾಲೀಕ ಎರಡು ಸುದ್ದಿ ಹೇಳಿದ. ಒಂದು, ಅಲ್ಲಿ ಆಟ ಕಲಿಸುತ್ತಿದ್ದ ಹಳೆಯ ಶಿಕ್ಷಕ ಬಿಟ್ಟು ಹೋಗುತ್ತಿದ್ದಾರೆ. ಇನ್ನೊಂದು, ತನಗೆ ತಾನೇ ಓಡಾಡಿ ಚೆಂಡು ಆಯುವ ಯಂತ್ರ ವರ್ಷದ ಕೊನೆಗೆ ಬರುತ್ತದೆ. ಅದಕ್ಕೆ ಊಟ ಬೇಡ, ರಜ ಬೇಡ, ಸಂಬಳ ಮೊದಲೇ ಬೇಡ. "ನೀನು ವೃತ್ತಿಯವರ ಪರೀಕ್ಷೆ ಪಾಸು ಮಾಡ್ಕೊಂಡು ಬಾ, ಕಲಿಸೋ ಜಾಗ ನಿಂದೇ" ಎಂದ ಮಾಲೀಕ. ಪಾಸಾಗದಿದ್ದರೆ ಏನು ಎಂದು ಅವನೂ ಹೇಳಲಿಲ್ಲ, ಇವನೂ ಕೇಳಲಿಲ್ಲ.

ಪರೀಕ್ಷೆ ಅಂದರೆ ಬರೆಯುವುದಲ್ಲ, ಆಡುವುದು. ಒಂದೇ ದಿನ ಹದಿನೆಂಟು ಹದಿನೆಂಟು ಕುಳಿಗೆ ಚೆಂಡು ಬೀಳಿಸುವ ಎರಡು ಸುತ್ತು ಆಡಬೇಕು. ಎರಡೂ ಸೇರಿ ನೂರ ಐವತ್ತಾರು ಹೊಡೆತ ಮೀರಬಾರದು. ಇವನು ಆಗಲೇ ಎರಡು ಸಲ ಕೂತು ಎದ್ದಿದ್ದ. ಮೊದಲ ಸಲ ಒಂಬತ್ತು ಹೊಡೆತ ಹೆಚ್ಚು, ಎರಡನೆಯ ಸಲ ಏಳು. ಈಗ ಮೂರನೆಯದಕ್ಕೆ ಉಳಿದಿದ್ದದ್ದು ಎಂಟು ವಾರ.

"ಪ್ರತಿ ಸೋಮವಾರ ಕೋಚ್ ಹತ್ರ ಹೋಗ್ತೀನಿ" ಎಂದ ಅವನು ಊಟಕ್ಕೆ ಕೂತಾಗ. ಸೋಮವಾರ ಅವನಿಗೆ ರಜ. "ದೊಡ್ಡ ಮೈದಾನದಲ್ಲಿ ಒಬ್ರಿದಾರೆ. ಒಂದು ಗಂಟೆಗೆ ಸ್ವಲ್ಪ ಜಾಸ್ತೀನೇ ತಗೋತಾರೆ."

ತಟ್ಟೆಗೆ ಆಲೂಗಡ್ಡೆ ಬಡಿಸುತ್ತಿದ್ದ ಹೆಂಡತಿಯ ಕೈ ಒಂದು ಕ್ಷಣ ನಿಂತಿತು. ಬಟ್ಟೆಯ ಅಂಚು ಕಟ್ಟುವ ಹೊಸ ಮಿಷನ್ನಿಗೆಂದು ಅವಳು ಎತ್ತಿಟ್ಟ ದುಡ್ಡು ಬಿಟ್ಟರೆ ಮನೆಯಲ್ಲಿ ಬೇರೆ ದುಡ್ಡಿರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು.

"ತಗೊಳ್ಳಿ" ಎಂದಳು.

"ನನ್ನ ಮಗನ್ನ ಜನ ಸರ್ ಅನ್ನೋದನ್ನ ಕಿವಿ ತುಂಬ ಕೇಳಿ ಸಾಯ್ಬೇಕು ನಾನು" ಎಂದರು ಅತ್ತೆ. "ಬಕೆಟ್ಟಂತೆ ಬಕೆಟ್ಟು. ನಾನೇನು ಹೆಸರಿಡದೆ ಬಿಟ್ಟಿದ್ನಾ ಇವನಿಗೆ?"

"ಸಾಯೋ ಮಾತು ಯಾಕಜ್ಜಿ ಊಟದ ಹೊತ್ತಲ್ಲಿ" ಎಂದಳು ಮೊಮ್ಮಗಳು. ಹತ್ತೊಂಬತ್ತರ ಹುಡುಗಿ, ಔಷಧಿ ಅಂಗಡಿಯಲ್ಲಿ ಕೆಲಸ, ಅಜ್ಜಿಗೆ ತಿರುಗಿ ಮಾತಾಡುವ ಹಕ್ಕು ಆ ಮನೆಯಲ್ಲಿ ಅವಳೊಬ್ಬಳಿಗೇ ಇದ್ದದ್ದು.

ಹೆಂಡತಿ ತಟ್ಟೆ ಕೆಳಗಿಟ್ಟು, ಯಾಕೋ ಧೈರ್ಯ ಮಾಡಿ, "ರೀ, ಕೋಚು ಏನು ಹೇಳ್ತಾರೋ ಗೊತ್ತಿಲ್ಲ. ಆದ್ರೆ ನಿಮ್ಮ ಬಲಮೊಣಕೈ ಮೈಬಿಟ್ಟು ಹಾರತ್ತೆ. ಕೋಲು ಹಿಂದಕ್ಕೆ ಎತ್ತಿದಾಗ" ಎಂದಳು.

ಅವನು ಆಲೂಗಡ್ಡೆ ಬಾಯಲ್ಲಿಟ್ಟುಕೊಂಡೇ ನಕ್ಕ. "ನೀನು ಯಾವಾಗ ನೋಡ್ದೆ ನಾನು ಹೊಡೆಯೋದನ್ನ? ಒಂದು ದಿನ ಮೈದಾನಕ್ಕೆ ಬಂದಿದೀಯಾ?"

"ಶರ್ಟು ನೋಡಿದೀನಲ್ಲ."

ಈಗ ಮೂವರೂ ನಕ್ಕರು. ಕೆಟ್ಟ ನಗುವೇನಲ್ಲ, ಮನೆಯವರ ನಗು. "ಸೂಜಿ ದಾರದ ವಿಷಯ ಬಂದಾಗ ನಿನ್ನೇ ಕೇಳ್ತೀನಿ" ಎಂದು ಅವನು ನೀರಿನ ಲೋಟ ಎತ್ತಿಕೊಂಡ. ಅವಳೂ ನಕ್ಕಳು. ಪಾತ್ರೆ ತೊಳೆಯುವಾಗ ಮಾತ್ರ ಒಂದೇ ತಟ್ಟೆಯನ್ನು ಮೂರು ಸಲ ಉಜ್ಜಿದಳು.

ಅವಳಿಗೆ ನೆನಪಾದದ್ದು ಇಪ್ಪತ್ತೆರಡು ವರ್ಷದ ಹಿಂದಿನ ಒಂದು ಮಧ್ಯಾಹ್ನ. ಆಗ ಅವಳು ಪೇಟೆಯ ಟೈಲರ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ತೆಳ್ಳಗಿನ ಒಬ್ಬ ಹುಡುಗ ಪ್ಯಾಂಟು ಸರಿಮಾಡಿಸಿಕೊಳ್ಳಲು ಬಂದ. ಅಳತೆಯ ಮಣೆಯ ಮೇಲೆ ನಿಂತು ಕನ್ನಡಿ ನೋಡಿಕೊಳ್ಳಲೇ ಇಲ್ಲ. "ನನಗೆ ಗೊತ್ತಾಗಲ್ಲ. ನೀವೇ ನೋಡಿ ಹೇಳಿ" ಎಂದ. ಅವಳು ಮುಂದಿನಿಂದ ನೋಡಿದಳು, ಹಿಂದಿನಿಂದ ನೋಡಿದಳು, ಎಡಗಾಲು ಟೇಪಿನ ಒಂದು ಗೆರೆ ಉದ್ದ ಎಂದಳು. ಅದೇ ಪ್ಯಾಂಟಿಗೆ ಆ ಹುಡುಗ ಇನ್ನೂ ಎರಡು ಸಲ ಬಂದ. ಪ್ಯಾಂಟು ಸರಿಯಾಗಿಯೇ ಇತ್ತು. ಅಂಗಡಿಯವರಿಗೆಲ್ಲ ಅದು ಗೊತ್ತಾಗಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ನೋಡಿ ಹೇಳಿ. ಆ ಎರಡು ಮಾತಿನ ಮೇಲೆ ಅವಳ ಮದುವೆ ನಿಂತಿತ್ತು. ಮದುವೆಯಾದ ಮೇಲೆ ಅವನು ಆ ಮಾತು ಆಡಿದ್ದು ಅವಳಿಗೆ ನೆನಪಿರಲಿಲ್ಲ. ಆ ಬಿಳಿ ಚೆಂಡನ್ನು ಅವನು ನೋಡುವಷ್ಟು ಹೊತ್ತು ತನ್ನ ಮುಖವನ್ನು ನೋಡಿದ್ದೂ ನೆನಪಿರಲಿಲ್ಲ. ಚೆಂಡಿನ ಮೇಲೆ ಹೊಟ್ಟೆಕಿಚ್ಚು ಪಡುವ ಹೆಂಗಸು ಪ್ರಪಂಚದಲ್ಲಿ ತಾನೊಬ್ಬಳೇ ಇರಬೇಕು ಎಂದುಕೊಂಡಳು.

ಮಾರನೆಯ ದಿನ ಒಗೆದು ಒಣಗಿದ ನೀಲಿ ಶರ್ಟನ್ನು ಇಸ್ತ್ರಿಗೆಂದು ತಿರುಗಿಸಿ ಹಾಸಿದಾಗ ಕಂಕುಳಿನ ಆ ತುಂಡು ಕಣ್ಣಿಗೆ ಬಿತ್ತು. ಪಕ್ಕದ ಓಣಿಯಲ್ಲಿ ಗಂಡ ಕೋಲು ಹಿಡಿದು ಬರಿಗಾಳಿಗೆ ಬೀಸುತ್ತಿದ್ದ. ಸುಂಯ್. ಸ್ವಲ್ಪ ಬಿಟ್ಟು, ಸುಂಯ್. ಪ್ರತಿ ಬೀಸಿಗೂ ಅವನ ಮೊಣಕೈ ಕೋಳಿರೆಕ್ಕೆಯ ಹಾಗೆ ಪಕ್ಕಕ್ಕೆ ಎದ್ದು ಗೋಡೆಗೆ ತಾಗುವಂತಾಗುತ್ತಿತ್ತು. ಅವಳು ಶರ್ಟನ್ನೂ ಅವನನ್ನೂ ಒಟ್ಟಿಗೆ ನೋಡಿದಳು.

ಶರ್ಟು ಹರಿಯುತ್ತಿದ್ದದ್ದು ಮೊಣಕೈ ಹಾರುವುದನ್ನು ತಡೆಯಲು ಹೋಗಿ. ತಾನು ಅಲ್ಲಿ ಬಟ್ಟೆ ಸೇರಿಸಿ, ಹಾರಪ್ಪಾ ಎಂದು ಜಾಗ ಮಾಡಿಕೊಟ್ಟಿದ್ದೇನೆ! ನಾಲ್ಕು ವರ್ಷದಿಂದ ಅವನ ತಪ್ಪಿಗೆ ಅಂಗೈಯಗಲದ ಮನೆ ಕಟ್ಟಿಕೊಟ್ಟವಳು ತಾನೇ.

ಅವನಿಗೆ ಹೇಳಬಹುದಿತ್ತು. ಹೇಳಿ ನಗಿಸಿಕೊಂಡು ಇನ್ನೂ ಒಂದು ದಿನವಾಗಿರಲಿಲ್ಲ. ಅವಳು ಕುರ್ಚಿ ಎಳೆದುಕೊಂಡು, ಬಾಯಿಗೆ ಐದು ಪಿನ್ನು ಇಟ್ಟುಕೊಂಡು, ಹೊಲಿಗೆ ಬಿಚ್ಚಲು ಕೂತಳು.

ತುಂಡು ತೆಗೆದ ಶರ್ಟು ಮೊದಲ ವಾರವೇ ಕಿತ್ತುಬಂತು. ಎರಡೆಳೆ ದಾರ ಹಾಕಿ ಹೊಲಿದಳು. ಎರಡನೆಯ ವಾರ ಇನ್ನೊಂದು ಶರ್ಟು, ಮೂರನೆಯ ವಾರ ಮತ್ತೆರಡು. ಬಿಚ್ಚಿದ ತುಂಡುಗಳನ್ನು ಗುಂಡಿಯ ಡಬ್ಬಿಗೆ ಹಾಕುತ್ತ ಹೋದಳು. ತುಂಡು ತೆಗೆದದ್ದು ಸಾಲದೆಂದು ಪಕ್ಕದ ಹೊಲಿಗೆಯನ್ನು ವಾರಕ್ಕೊಂದು ಗೆರೆಯಷ್ಟು ಒಳಕ್ಕೆ ತಂದಳು.

"ಏನೇ ಇದು, ಶರ್ಟೆಲ್ಲ ಹಿಡಿಯತ್ತೆ?" ಎಂದ ಅವನು ಒಂದು ಬೆಳಿಗ್ಗೆ, ತೋಳು ಆಡಿಸಿ ನೋಡುತ್ತ. "ಒಗೆದು ಒಗೆದು ಕುಗ್ಗಿರ್ಬೇಕು."

"ಹೂಂ" ಎಂದಳು ಪಿನ್ನುಗಳ ಸಂದಿಯಿಂದ.

"ಅಥವಾ ನೀನು ದಪ್ಪ ಆಗ್ತಿದೀಯ" ಎಂದರು ಅತ್ತೆ. "ಬ್ರೆಡ್ಡು ಕಮ್ಮಿ ಮಾಡು. ಬೆಳಿಗ್ಗೆ ನಾಲ್ಕು ತುಂಡು ತಿಂತೀಯ."

ಅವನು ಮೂರು ದಿನ ಎರಡೇ ತುಂಡು ತಿಂದ. ನಾಲ್ಕನೆಯ ದಿನ ಮತ್ತೆ ನಾಲ್ಕು.

ಐದನೆಯ ವಾರ ಅವನು ಮೈದಾನದಿಂದ ಮನೆಗೆ ಬಂದದ್ದು ನಡೆದಲ್ಲ, ಓಡಿ. ಮೆಟ್ಟಿಲು ಹತ್ತುವಾಗಲೇ ಕೂಗು ಶುರುವಾಯಿತು. "ನೆಟ್ಟಗೆ! ದಾರ ಹಿಡಿದ ಹಾಗೆ ನೆಟ್ಟಗೆ ಹೋಯ್ತು! ಒಂದಲ್ಲ, ನಲವತ್ತು ಚೆಂಡು!"

"ಬಲಕ್ಕೆ ಸೊಟ್ಟ ಹೋಗ್ತಿದ್ದದ್ದು?" ಎಂದಳು ಮಗಳು.

"ನಿಂತೋಯ್ತು. ಪೂರ್ತಿ ನಿಂತೋಯ್ತು. ಕೋಚ್ ಸೊಂಟ ತಿರುಗ್ಸು, ಸೊಂಟ ತಿರುಗ್ಸು ಅಂತ ಪ್ರಾಣ ತಿಂದ್ರಲ್ಲ, ಅದರ ಗುಟ್ಟು ಈಗ ಗೊತ್ತಾಯ್ತು ನೋಡು!"

"ದುಡ್ಡು ಕೊಟ್ಟು ಕಲಿತ ವಿದ್ಯೆಯೇ ಬೇರೆ ಬಿಡು" ಎಂದರು ಅತ್ತೆ ಕಣ್ಣೊರೆಸಿಕೊಳ್ಳುತ್ತ.

ಆ ಸಂಜೆ ಅವನು ಎರಡು ಮೊಟ್ಟೆ ಹೆಚ್ಚು ತಿಂದ, ಮಗಳ ತಲೆ ಸವರಿದ, ತಾಯಿಯ ಕಾಲು ಒತ್ತಿದ. ಹೆಂಡತಿಗೆ ಏನು ಮಾಡಬೇಕೆಂದು ಹೊಳೆಯದೆ, "ಮಿಷನ್ನಿಗೆ ಎಣ್ಣೆ ಬಿಡ್ಲಾ?" ಎಂದು ಕೇಳಿದ. ಅವಳಿಗೆ ನಗುವೂ ಬಂತು, ಅಳುವೂ ಬಂತು. ಅವನ ಚೆಂಡು ನೆಟ್ಟಗೆ ಹೋದದ್ದಕ್ಕೆ ಅವಳಷ್ಟು ಖುಷಿಪಟ್ಟವರು ಆ ಮನೆಯಲ್ಲಿ ಇರಲಿಲ್ಲ. ಅದನ್ನು ಅವಳು ಯಾರಿಗೂ ಹೇಳುವಂತಿರಲಿಲ್ಲ.

ಮುಂದಿನ ಸೋಮವಾರ ಅವನು ಒಂದು ಕಾಗದದ ಚೀಲ ತಂದು ಮಿಷನ್ನಿನ ಮೇಲಿಟ್ಟ. ಒಳಗೆ ಬೂದುಬಣ್ಣದ ಎರಡು ಪ್ಯಾಂಟು.

"ಕೋಚ್‌ದು. ಉದ್ದ ಆಗಿದೆಯಂತೆ. ಗಿಡ್ಡ ಮಾಡ್ಕೊಡು. ದುಡ್ಡು ಗಿಡ್ಡು ಬೇಡ ಅಂದಿದೀನಿ. ಗುರುದಕ್ಷಿಣೆ ಅಂದ್ಕೋ."

ಅವಳು ಪ್ಯಾಂಟನ್ನು ಬಿಡಿಸಿ ಹಿಡಿದು ನೋಡಿದಳು. "ನಿಮ್ಮ ಗುರುಗಳಿಗೆ ಕಾಲು ಗಿಡ್ಡ" ಎಂದಳು.

"ಕಾಲು ಗಿಡ್ಡ ಇದ್ರೇನು, ತಲೆ ನೋಡು. ಇವತ್ತು ಅವ್ರೇ ಬೆರಗಾಗಿ, 'ಏನ್ ಮಾಡ್ದೆ, ನಿನ್ನ ಮೊಣಕೈ ಮೈಗೆ ಬಂದು ಅಂಟ್ಕೊಂಡಿದೆಯಲ್ಲ' ಅಂದ್ರು. 'ನೀವು ಹೇಳಿದ್ದೇ ಮಾಡಿದ್ದು ಸರ್' ಅಂದೆ. ಅವ್ರಿಗೂ ಖುಷಿ ಆಯ್ತು."

ಅವಳು ಪಿನ್ನುಗಳನ್ನು ಬಾಯಿಗೆ ಹಾಕಿಕೊಂಡಳು. ಹಾಕಿಕೊಳ್ಳದಿದ್ದರೆ ಏನು ಹೊರಬರುತ್ತಿತ್ತೋ ಅವಳಿಗೇ ಗೊತ್ತಿರಲಿಲ್ಲ.

ಗುಟ್ಟು ಮೊದಲು ತಿಳಿದದ್ದು ಮಗಳಿಗೆ. ಕೋಟಿನ ಗುಂಡಿ ಬಿದ್ದುಹೋಯಿತೆಂದು ಡಬ್ಬಿಯ ಮುಚ್ಚಳ ತೆಗೆದವಳು ಬಣ್ಣಬಣ್ಣದ ಏಳು ಚೌಕದ ತುಂಡುಗಳನ್ನು ಕೈಯಲ್ಲಿ ಹಿಡಿದು ನಿಂತಳು.

"ಅಮ್ಮಾ, ಇದೆಲ್ಲ ಅಪ್ಪನ ಶರ್ಟಿಂದು ಅಲ್ವಾ? ಯಾಕೆ ತೆಗ್ದೆ?"

ತಾಯಿ ಹೇಳಿದಳು. ಎರಡೇ ನಿಮಿಷ ಹಿಡಿಯಿತು. ಮಗಳು ಓಣಿಯ ಕಡೆಗೊಮ್ಮೆ, ತಾಯಿಯ ಕಡೆಗೊಮ್ಮೆ ನೋಡಿದಳು.

"ಅಂದ್ರೆ ಕೋಚೂ ಇಲ್ಲ ಗೀಚೂ ಇಲ್ಲ! ಈಗ್ಲೇ ಹೇಳಮ್ಮ ಅಪ್ಪಂಗೆ."

"ಪರೀಕ್ಷೆ ಆಗ್ಲಿ. ಈಗ ಹೇಳಿದ್ರೆ ಹೊಡೆಯೋವಾಗೆಲ್ಲ ಶರ್ಟಿನ ಮೇಲೇ ಗಮನ ಇರತ್ತೆ."

"ಆಮೇಲೆ ಹೇಳ್ತೀಯಾ ತಾನೆ?"

"ಹೇಳ್ತೀನಿ. ಪಾಸಾಗಿ ಬರ್ಲಿ, ಊಟಕ್ಕೆ ಕೂತಾಗ ತಟ್ಟೆ ಪಕ್ಕ ಈ ಏಳನ್ನೂ ಇಡ್ತೀನಿ. ಅವಾಗ ನಗ್ಲಿ ನೋಡೋಣ."

ಆ ಊಟದ ಚಿತ್ರವನ್ನು ಅವಳು ಎರಡು ವಾರ ಮನಸ್ಸಿನಲ್ಲೇ ಮಡಿಸಿಟ್ಟುಕೊಂಡು ಓಡಾಡಿದಳು. ಅವನು ತುಂಡುಗಳನ್ನು ನೋಡುತ್ತಾನೆ. ಆಮೇಲೆ ತಲೆಯೆತ್ತಿ ತನ್ನನ್ನು ನೋಡುತ್ತಾನೆ. ಅಷ್ಟೇ. ಅದಕ್ಕಿಂತ ಹೆಚ್ಚಿನದೇನೂ ಅವಳಿಗೆ ಬೇಕಿರಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಅವಳು ಎಲ್ಲಕ್ಕಿಂತ ಚೆನ್ನಾಗಿ ಕೂತಿದ್ದ ನೀಲಿ ಶರ್ಟನ್ನು ಇಸ್ತ್ರಿ ಮಾಡಿ, ಕಾಲರು ಹಿಡಿದು ಕೋಣೆಗೆ ತಂದಳು. ಅಷ್ಟರಲ್ಲಿ ಅತ್ತೆ ತಮ್ಮ ಪೆಟ್ಟಿಗೆಯಿಂದ ಒಂದು ಹೊಳೆಯುವ ಕವರು ತೆಗೆದು ಮಗನ ಕೈಗಿಟ್ಟಿದ್ದರು. ಒಳಗೆ ಹೊಚ್ಚ ಹೊಸ ಬಿಳಿ ಶರ್ಟು.

"ನಾನೇ ಹೋಗಿ ತಂದೆ. ನನ್ನ ದುಡ್ಡಲ್ಲಿ" ಎಂದರು ಅತ್ತೆ. ಮಂಡಿನೋವಿನ ಅತ್ತೆ ಯಾವಾಗ ಪೇಟೆಗೆ ಹೋಗಿ ಬಂದರೋ ಯಾರಿಗೂ ಗೊತ್ತಿರಲಿಲ್ಲ. "ನಿನ್ನ ಅಳತೆಗಿಂತ ಒಂದು ದೊಡ್ಡದೇ ತಂದಿದೀನಿ. ಯಾವಾಗ ನೋಡಿದ್ರೂ ಕಂಕುಳು ಹರ್ಕೊಂಡು ಬರ್ತೀಯಲ್ಲ. ಇದು ಹರಿಯಲ್ಲ. ದೊಡ್ಡೋರೆಲ್ಲ ಬರೋ ಜಾಗ, ಸರ್ ಥರ ಹೋಗು."

ಅವನು ಹಾಕಿಕೊಂಡ. ಕಂಕುಳಲ್ಲಿ ಇನ್ನೊಬ್ಬರ ತೋಳೂ ಹಿಡಿಸುವಷ್ಟು ಜಾಗವಿತ್ತು.

"ಹಳೇದೇ ಇರ್ಲಿ ಅತ್ತೆ" ಎಂದಳು ಹೆಂಡತಿ. ದನಿ ಅವಳಿಗೇ ಕೇಳಿಸದಷ್ಟು ಸಣ್ಣಗಾಗಿತ್ತು. "ಮೈಗೆ ರೂಢಿ ಆಗಿರೋದು."

ಅತ್ತೆಯ ಮುಖ ಸಣ್ಣದಾಯಿತು. "ಹಳೇದ್ರಲ್ಲಿ ಎರಡು ಸಲ ಹೋಗಿ ಬಂದಾಯ್ತಲ್ಲಮ್ಮ."

"ಇದೇ ಚೆನ್ನಾಗಿದೆ ಬಿಡು, ಉಸಿರಾಡೋಕೆ ಆಗತ್ತೆ" ಎಂದ ಅವನು, ತೋಳನ್ನು ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿ.

ಮಗಳು ಬಾಗಿಲಲ್ಲಿ ಕೋಲುಗಳ ಚೀಲ ಹೊತ್ತು ನಿಂತಿದ್ದಳು. ಆವತ್ತು ಅಪ್ಪನ ಚೀಲ ಎಳೆಯುವುದು ಅವಳದೇ ಪಾಲು. ಹೇಳಮ್ಮ, ಈಗಲಾದರೂ ಹೇಳು, ಎಂದು ಕಣ್ಣಲ್ಲೇ ಕೂಗುತ್ತಿದ್ದಳು. ತಾಯಿ ಅತ್ತೆಯ ಮಂಡಿಯನ್ನು ನೋಡಿದಳು, ಗಂಡನ ನಗುಮುಖವನ್ನು ನೋಡಿದಳು, ನೀಲಿ ಶರ್ಟನ್ನು ಮಡಿಸತೊಡಗಿದಳು. ಬಾಯಲ್ಲಿ ಒಂದು ಪಿನ್ನೂ ಇರಲಿಲ್ಲ. ಆದರೂ ಮಾತು ಹೊರಡಲಿಲ್ಲ.

ಹನ್ನೊಂದೂವರೆಗೆ ಫೋನು ಬಂತು.

"ಎಂಬತ್ತನಾಲ್ಕು" ಎಂದಳು ಮಗಳು. "ಎಲ್ಲ ಬಲಕ್ಕೇ ಹೋಗ್ತಿದೆ. ಮೊದಲಿನ ಹಾಗೇ. ಅಮ್ಮ, ನೀನು ಬಾ. ಶರ್ಟು ತಗೊಂಡು ಬಾ."

ಅವಳು ಅರ್ಧ ಹೊಲಿದ ಜಿಪ್ಪನ್ನು ಮಿಷನ್ನಿನಲ್ಲೇ ಬಿಟ್ಟು, ನೀಲಿ ಶರ್ಟನ್ನು ಚೀಲಕ್ಕೆ ಹಾಕಿಕೊಂಡು, ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು. ಒಂದು ಮಾತು. ಒಂದೇ ಒಂದು ಮಾತು ಆಡಿದ್ದರೆ ಆಗುತ್ತಿತ್ತು. ಅತ್ತೆ ಎರಡು ದಿನ ಮುಖ ಊದಿಸಿಕೊಂಡಿರುತ್ತಿದ್ದರು, ಮೂರನೆಯ ದಿನ ಸರಿಹೋಗುತ್ತಿದ್ದರು.

ಗಂಡ ಒಂದು ಮರದ ಕೆಳಗೆ ಕೂತು ಬೇಯಿಸಿದ ಮೊಟ್ಟೆಯ ಸಿಪ್ಪೆ ಬಿಡಿಸುತ್ತಿದ್ದ. ಹೆಂಡತಿಯನ್ನು ಕಂಡು ಅವನಿಗೆ ಆಶ್ಚರ್ಯವಾದರೂ ಅದನ್ನು ತೋರಿಸುವಷ್ಟು ಚೈತನ್ಯ ಉಳಿದಿರಲಿಲ್ಲ.

"ನೀನ್ಯಾಕೆ ಬಂದೆ?"

"ಸುಮ್ನೆ."

"ಎಂಬತ್ತನಾಲ್ಕು ಹೊಡೆದೆ. ಇನ್ನು ಎಪ್ಪತ್ತೆರಡರಲ್ಲಿ ಮುಗಿಸ್ಬೇಕು. ನನ್ನ ಜನ್ಮದಲ್ಲಿ ಹೊಡೆದಿಲ್ಲ ಅಷ್ಟು ಕಮ್ಮಿ." ಮೊಟ್ಟೆಯನ್ನು ತಿನ್ನದೆ ಕೈಯಲ್ಲೇ ಹಿಡಿದುಕೊಂಡ. "ಏನಾಯ್ತೋ ಗೊತ್ತಿಲ್ಲ ಕಣೇ. ಕೈ ಎಲ್ಲೆಲ್ಲೋ ಹೋಗ್ತಿದೆ. ಹಿಡಿಯೋರೇ ಇಲ್ಲದ ಹಾಗೆ."

ಮಗಳು ತಾಯಿಯ ಮೊಣಕೈ ಚಿವುಟಿದಳು. ಅವಳು ಚೀಲದೊಳಗೆ ಕೈ ಹಾಕಿದಳು. ಬೆರಳಿಗೆ ನೀಲಿ ಬಟ್ಟೆ ಸಿಕ್ಕಿತು.

"ಆದ್ರೂ" ಎಂದ ಅವನು ಹುಲ್ಲನ್ನು ನೋಡುತ್ತ, "ಒಂದು ತಿಂಗಳು ನೆಟ್ಟಗೆ ಹೊಡೆದಿದ್ದು ನಾನೇ ತಾನೆ? ಬೇರೆ ಯಾರೂ ಬಂದು ಹೊಡೆದು ಹೋಗಿಲ್ಲವಲ್ಲ. ಈ ಕೈಲಿ ಎಲ್ಲೋ ಇರ್ಬೇಕು ಅದು. ಅಲ್ವಾ? ಇರ್ಬೇಕಲ್ವಾ?"

ಅವಳ ಕೈ ಚೀಲದಲ್ಲೇ ನಿಂತಿತು. ಈಗ ಶರ್ಟು ಹೊರತೆಗೆದರೆ ಅವನ ಪ್ರಶ್ನೆಗೆ ಇಲ್ಲವೆಂದು ಉತ್ತರ ಕೊಟ್ಟಂತೆ. ಗೆದ್ದರೂ ಶರ್ಟು ಗೆದ್ದದ್ದು. ಮುಂದೆ ನೂರು ಜನಕ್ಕೆ ಕಲಿಸಲು ನಿಂತಾಗಲೂ ಅವನು ಒಳಗೊಳಗೇ ಹೊಲಿಗೆಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಾನೆ.

ಅವಳು ಖಾಲಿ ಕೈಯನ್ನು ಹೊರತೆಗೆದಳು. "ಇದೆ" ಎಂದಳು. "ಕೈಲೇ ಇದೆ. ಮೊಟ್ಟೆ ತಿನ್ನಿ."

ಮಗಳು ತಲೆಗೆ ಕೈ ಹೊತ್ತು ಪಕ್ಕಕ್ಕೆ ತಿರುಗಿದಳು.

ಎರಡನೆಯ ಸುತ್ತನ್ನು ಅವಳು ಹಗ್ಗದಾಚೆ ನಿಂತು ನೋಡಿದಳು. ಹದಿನೈದು ವರ್ಷದಿಂದ ಗಂಡ ಆಡುತ್ತಿದ್ದ ಆಟವನ್ನು ಅವಳು ನೋಡುತ್ತಿದ್ದದ್ದು ಅದೇ ಮೊದಲು. ಮೊದಲ ಹೊಡೆತಕ್ಕೆ ಮೊಣಕೈ ಹಾರಿತು. ಎರಡನೆಯದಕ್ಕೂ ಹಾರಿತು. ಮೂರನೆಯ ಹೊಡೆತಕ್ಕೆ ಮುಂಚೆ ಅವನು ಕೋಲನ್ನು ಕೆಳಗಿಟ್ಟು, ಬಲಗೈಯನ್ನು ಪಕ್ಕೆಗೆ ಒತ್ತಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ನಿಂತ. ಕಳೆದುಹೋದ ಬೀಗದ ಕೈಯನ್ನು ಜೇಬಿನಲ್ಲಿ ಹುಡುಕುವವನಂತೆ ಕಾಣುತ್ತಿದ್ದ. ಆಮೇಲೆ ಬೀಸಿದ. ಶರ್ಟು ಗಾಳಿ ತುಂಬಿಕೊಂಡು ಪಟಪಟನೆ ಹೊಡೆದುಕೊಂಡಿತು. ಅದರೊಳಗೆ ಮೊಣಕೈ ಮಾತ್ರ ಮೈಬಿಟ್ಟು ಕದಲಲಿಲ್ಲ. ಚೆಂಡು ಹೋದ ದಾರಿಯನ್ನು ಅವಳು ನೋಡಲೇ ಇಲ್ಲ. ಸದ್ದಿನಲ್ಲೇ ಗೊತ್ತಾಯಿತು.

ಎಪ್ಪತ್ತನಾಲ್ಕು. ಅವನ ಜನ್ಮದಲ್ಲೇ ಕಡಿಮೆ. ಎರಡೂ ಸೇರಿ ನೂರ ಐವತ್ತೆಂಟು. ಎರಡು ಹೊಡೆತ ಹೆಚ್ಚು.

ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಕಾದಿದ್ದರು. ಮುಖ ನೋಡಿದ ಕೂಡಲೇ ಅವರಿಗೆ ತಿಳಿಯಿತು.

"ಹರಿಯಲಿಲ್ಲ ತಾನೆ ಶರ್ಟು?" ಎಂದರು, ಬೇರೆ ಮಾತು ತೋಚದೆ.

"ಇಲ್ಲಮ್ಮ" ಎಂದ ಅವನು. "ಚೆನ್ನಾಗಿದೆ."

ಮಂಗಳವಾರ ಮಾಲೀಕ ಹೇಳಿಕಳಿಸಿದ. ಇನ್ನೊಂದು ಪರೀಕ್ಷೆ ಆರು ತಿಂಗಳ ಮೇಲೆ. ಅಲ್ಲಿಯವರೆಗೆ ಬೇರೆ ಯಾರನ್ನೂ ಕಲಿಸಲು ಇಟ್ಟುಕೊಳ್ಳುವುದಿಲ್ಲ. ಆದರೆ ಯಂತ್ರ ಬರುವುದು ಬಂದೇ ಬರುತ್ತದೆ. ಬಂದ ಮೇಲೆ ಇವನಿಗೆ ಅರ್ಧ ದಿನದ ಕೆಲಸ, ಅರ್ಧ ಸಂಬಳ. ಅವನು ಸಂಜೆ ಬೇಗ ಬಂದು, ಕಾಲು ಚಾಚಿ, ಗೋಡೆಗೆ ಒರಗಿ ಕೂತ. ಕೋಲು ಮೂಲೆಯಲ್ಲಿತ್ತು.

ಹೆಂಡತಿ ಒಗೆಯಲು ಬಿಳಿ ಶರ್ಟನ್ನು ತೆಗೆದುಕೊಂಡು ಒಳಮಗ್ಗುಲು ತಿರುಗಿಸಿದಳು. ಅಭ್ಯಾಸಬಲದಿಂದ ಬೆರಳು ಬಲಗಂಕುಳಿಗೇ ಹೋಯಿತು. ಹೊಲಿಗೆ ಇದ್ದ ಹಾಗೇ ಇತ್ತು. ಒಂದು ಎಳೆಯೂ ಜಗ್ಗಿರಲಿಲ್ಲ. ಅವಳು ಶರ್ಟನ್ನು ಹೆಗಲ ಮೇಲೆ ಹಾಕಿಕೊಂಡು, ಗುಂಡಿಯ ಡಬ್ಬಿ ತಂದು, ಅವನ ಮುಂದೆ ನೆಲದ ಮೇಲೆ ಏಳೂ ತುಂಡುಗಳನ್ನು ಸುರಿದಳು.

"ಏನಿದು?"

ಅವಳು ಹೇಳಿದಳು. ಮೊದಲಿನಿಂದ ಕೊನೆಯವರೆಗೆ, ಪರೀಕ್ಷೆಯ ಬೆಳಿಗ್ಗೆ ಅತ್ತೆಯ ಮುಂದೆ ಬಾಯಿ ಬಾರದೆ ಹೋದದ್ದನ್ನೂ ಸೇರಿಸಿ ಹೇಳಿದಳು. ಒಳಗೆ ಬಟಾಣಿ ಬಿಡಿಸುತ್ತಿದ್ದ ಅತ್ತೆಯ ಕೈಯ ಸದ್ದು ನಿಂತಿತು.

"ಎಂಟು ವಾರ?" ಎಂದ ಅವನು.

"ಎಂಟು ವಾರ."

"ಒಂದು ಮಾತು ಹೇಳ್ಬಾರ್ದಾ?"

"ಹೇಳಿದೆ. ನೀವು ನಕ್ರಿ."

"ನಿನ್ನೆ ಚೀಲದಲ್ಲಿ ಏನಿತ್ತು?"

"ಅದೇ ನೀಲಿ ಶರ್ಟು."

"ಕೊಡ್ಬಾರ್ದಾ! ಎರಡೇ ಎರಡು ಹೊಡೆತ ಕಣೇ! ಎರಡು!" ಅವನು ಎದ್ದೇಬಿಟ್ಟ. "ಊರಿಗೆಲ್ಲ ಕೋಚು ಕೋಚು ಅಂತ ಡಂಗುರ ಹೊಡ್ಕೊಂಡು ಬಂದ್ನಲ್ಲ ನಾನು. ಅವ್ರ ಪ್ಯಾಂಟನ್ನ ನಿನ್ನ ಕೈಲೇ ಬಿಟ್ಟಿ ಹೊಲಿಸಿ ಕೊಟ್ನಲ್ಲ!"

"ಹೂಂ" ಎಂದಳು ಅವಳು. "ಎರಡಕ್ಕೂ ಒಂದು ಬೆರಳು ಗಿಡ್ಡಾನೇ ಮಾಡಿದೀನಿ."

ಒಳಗಿನಿಂದ ಮಗಳ ನಗು ಸಿಡಿಯಿತು. ಅವನು ನಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ.

ಬುಧವಾರ ಅವನು ಗೋಡೆಯ ಕಡೆ ಮುಖ ಮಾಡಿ ತಿಂಡಿಗೆ ಕೂತ. ಬ್ರೆಡ್ಡು ಎರಡೇ ತುಂಡು. ಅತ್ತೆ ಸೊಸೆಯ ಹತ್ತಿರ ಬಂದು, ಬಹಳ ಹೊತ್ತು ಮಿಷನ್ನಿನ ಚಕ್ರ ನೋಡುತ್ತ ನಿಂತು, "ಆ ಬಿಳಿ ಶರ್ಟನ್ನೂ ಸ್ವಲ್ಪ ಬಿಗಿ ಮಾಡ್ಬಹುದಾ?" ಎಂದು ಕೇಳಿದರು. "ಬೇಡ ಅತ್ತೆ, ಅದು ಹಾಗೇ ಇರ್ಲಿ. ಇನ್ನು ಬೇಕಾಗಲ್ಲ" ಎಂದಳು ಅವಳು. ಅತ್ತೆಗೆ ಅರ್ಥವಾಯಿತೋ ಇಲ್ಲವೋ, ಹೋಗಿ ಎರಡು ಲೋಟ ಚಹಾ ಮಾಡಿ ತಂದು, ಒಂದನ್ನು ಸೊಸೆಯ ಪಕ್ಕದಲ್ಲಿಟ್ಟರು.

ಗುರುವಾರ ಸಂಜೆ ಅವಳು ಯಾರದೋ ಕೋಟಿನ ತೋಳು ಗಿಡ್ಡ ಮಾಡುತ್ತ ಕೂತಿದ್ದಳು. ಬಾಯಲ್ಲಿ ಐದು ಪಿನ್ನು. ಕಿಟಕಿಯ ಬೆಳಕು ಇನ್ನೂ ಇತ್ತು. ಒಳಗೆ ಮೂಲೆಯ ಕೋಲು ಎತ್ತಿಕೊಂಡ ಸದ್ದಾಯಿತು. ಇನ್ನು ಓಣಿಯಲ್ಲಿ ಸುಂಯ್ ಎನ್ನುತ್ತದೆ ಎಂದುಕೊಂಡಳು. ಅನ್ನಲಿಲ್ಲ. ತಲೆಯೆತ್ತಿ ನೋಡಿದರೆ ಗಂಡ ಬಾಗಿಲಿನ ಚೌಕಟ್ಟಿನಲ್ಲಿ, ಅದೇ ದೊಗಲೆ ಬಿಳಿ ಶರ್ಟಿನಲ್ಲಿ, ಕೋಲು ಹಿಡಿದು ನಿಂತಿದ್ದ. ಚೆಂಡಿಲ್ಲದ ನೆಲದ ಕಡೆ ನೋಡುತ್ತಿರಲಿಲ್ಲ. ಅವಳ ಕಡೆ ನೋಡುತ್ತಿದ್ದ.

"ನನಗೆ ಗೊತ್ತಾಗಲ್ಲ" ಎಂದ. ಸ್ವಲ್ಪ ತಡೆದು, "ನೀನೇ ನೋಡಿ ಹೇಳು" ಎಂದ.

ಅವಳು ಕೋಟನ್ನು ಪಕ್ಕಕ್ಕಿಟ್ಟಳು. ಬಾಯಿಂದ ಒಂದು ಪಿನ್ನು ತೆಗೆದು ಪಿನ್ನಿನ ಪುಟ್ಟ ದಿಂಬಿಗೆ ಚುಚ್ಚಿದಳು. ಎರಡನೆಯದನ್ನು ತೆಗೆದಳು. ಕೋಲನ್ನು ಕೆಳಗಿಡದೆ, ಐದನೆಯ ಪಿನ್ನು ಹೊರಬರುವವರೆಗೂ ಅವನು ಕಾದ.